ಕಚ್ಚಾ ಹೊಲಿಗೆಯ ಕೋಟು

ಅಪ್ಪನ ಹೊಲಿಗೆ ಅಂಗಡಿಯಲ್ಲಿ ಎಲ್ಲೂ ಬರೆದು ಹಾಕಿರದ, ಆದರೆ ಯಾರೂ ಮೀರದ ನಿಯಮ ಒಂದೇ ಒಂದಿತ್ತು. ಕಚ್ಚಾ ಹೊಲಿಗೆಯ ಕೋಟು ಅಂಗಡಿಯ ಹೊಸ್ತಿಲು ದಾಟಬಾರದು. ಟ್ರಯಲ್‌ ನೋಡಲೆಂದು ಬಿಳಿ ನೂಲಿನಲ್ಲಿ ಉದ್ದುದ್ದ ಹೊಲಿಗೆ ಹಾಕಿ ತೋಳು, ಬೆನ್ನು, ಕಾಲರ್ ಎಲ್ಲ ಜೋಡಿಸಿರುತ್ತೇವೆ. ಅದನ್ನು ತೊಟ್ಟ ಗಿರಾಕಿ ಕನ್ನಡಿಯ ಮುಂದೆ ನಿಲ್ಲಬೇಕು, ಕೈ ಎತ್ತಿ ಇಳಿಸಬೇಕು, ಬಿಚ್ಚಿ ಕೊಟ್ಟು ಹೋಗಬೇಕು. ಅರ್ಧ ಕೆಲಸವನ್ನು ಬೀದಿಯವರು ನೋಡಿದರೆ ಅಂಗಡಿಯ ಮಾನ ಹೋಯಿತು ಎನ್ನುತ್ತಿದ್ದರು ಅಪ್ಪ. ನಲವತ್ತು ವರ್ಷದಲ್ಲಿ ಅವರು ಈ ನಿಯಮವನ್ನು ಒಂದೇ ಸಲ ಮುರಿದರು, ಸಾಯುವ ತನಕ ಅದಕ್ಕಾಗಿ ಕೊರಗಿದರು. ಈ ವರ್ಷ ನಾನೂ ಮುರಿದಿದ್ದೇನೆ. ನಾನು ಕೊರಗುವ ಪೈಕಿ ಅಲ್ಲ.

ವರ್ಷದ ಕೊನೆಗೆ ನಮ್ಮ ಬೀದಿ ಎಂಟು ದಿನ ಬಾಗಿಲು ಹಾಕುತ್ತದೆ. ಚಪ್ಪಲಿ ಅಂಗಡಿ, ಔಷಧಿ ಅಂಗಡಿ, ನಮ್ಮದು, ಎಲ್ಲವೂ. ಮೇಲಿನ ಮನೆಗಳವರೂ ಬಾಗಿಲಿಗೆ ಬೀಗ ಜಡಿದು ಹೊರಟುಬಿಡುತ್ತಾರೆ. ಪ್ರತಿ ವರ್ಷ ಅಕ್ಕ ಭಾವ ನನ್ನನ್ನೂ ಸಮುದ್ರದ ದಂಡೆಗೆ ಎಳೆದೊಯ್ಯುತ್ತಿದ್ದರು. ಈ ಸಲ ಅಲ್ಲಿಗೆ ಭಾವನ ಗೆಳೆಯನೊಬ್ಬ ಬರುವವನಿದ್ದ. ಹೆಂಡತಿ ಸತ್ತು ಎರಡು ವರ್ಷವಾಗಿತ್ತಂತೆ, ಸ್ವಂತ ಮನೆಯಂತೆ, ಒಳ್ಳೆಯ ಸ್ವಭಾವವಂತೆ. ನಲವತ್ತೊಂದಾಯಿತು, ಇನ್ನೂ ಎಷ್ಟು ದಿನ ಮೂಗಿನ ಮೇಲೆ ಸಿಟ್ಟು ಇಟ್ಟುಕೊಂಡು ಕೂರುತ್ತೀ ಎಂದಳು ಅಕ್ಕ. ನನ್ನ ಮೂಗು, ನನ್ನ ಸಿಟ್ಟು ಎಂದೆ. ಅರ್ಜೆಂಟ್ ಆರ್ಡರ್ ಇದೆ ಎಂದು ಸುಳ್ಳು ಹೇಳಿ ಉಳಿದುಕೊಂಡೆ.

ಅಂಗಡಿ ನೆಲಮಹಡಿಯಲ್ಲಿ, ನನ್ನ ಮನೆ ಎರಡನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ರಜೆಯ ಮೊದಲ ದಿನ ಮಧ್ಯಾಹ್ನ ಮೂರು ಗಂಟೆಗೆ, ಹೇಳಿದ ಸುಳ್ಳಿಗೆ ಗೌರವ ಕೊಡೋಣವೆಂದು ಚಹಾದ ಫ್ಲಾಸ್ಕ್ ಹಿಡಿದು ಕೆಳಗಿಳಿಯುತ್ತಿದ್ದೆ. ಮೆಟ್ಟಿಲು ತಿರುಗುವಲ್ಲಿ, ಕಿಟಕಿಯ ಬಿಸಿಲಿನಲ್ಲಿ, ಒಬ್ಬ ಗಂಡಸು ನಿಂತಿದ್ದ. ಬೂದು ಕೋಟು, ಮೈತುಂಬ ಬಿಳಿ ನೂಲು. ಮನುಷ್ಯ ಯಾರೆಂದು ನೋಡುವ ಮೊದಲೇ ನನಗೆ ಆ ನೂಲು ಕಂಡು ಪಿತ್ತ ನೆತ್ತಿಗೇರಿತು.

"ಯಾರ್ರೀ ನೀವು? ಕಚ್ಚಾ ಕೋಟು ಹಾಕ್ಕೊಂಡು ಹೊರಗೆ ಬನ್ನಿ ಅಂತ ಯಾರು ಹೇಳಿದ್ರು?"

"ನಿಮ್ಮಪ್ಪ," ಅಂದ.

ಅಪ್ಪ ಹೋಗಿ ಆರು ವರ್ಷವಾಗಿತ್ತು. ಆದರೆ ಎಡ ಭುಜದ ಮೇಲಿದ್ದ ಆ ಜೋಡಿ ಗಂಟು ಅಪ್ಪನದೇ. ನಮ್ಮ ಅಂಗಡಿಯ ಹೊರಗೆ ಹಾಗೆ ಗಂಟು ಹಾಕುವವರನ್ನು ನಾನು ಕಂಡಿಲ್ಲ. ಆಮೇಲೆ ಮುಖ ನೋಡಿದೆ. ಪಕ್ಕದ ಮನೆಯಲ್ಲಿದ್ದ ಲಿಫ್ಟ್ ಮೆಕ್ಯಾನಿಕ್. ಬೀದಿಯವರೆಲ್ಲ ಲಿಫ್ಟಿನವರು ಎನ್ನುತ್ತಿದ್ದರು. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡಿ, ಕೊನೆಗೆ ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲ ಮೇಲೆ ಹೃದಯ ನಿಂತು ಸತ್ತವರು. ಹನ್ನೊಂದು ವರ್ಷದ ಹಿಂದೆ, ಇದೇ ರಜೆಯ ಮೊದಲ ದಿನ, ಇದೇ ತಿರುವಿನಲ್ಲಿ. ಮೈಮೇಲೆ ನಮ್ಮ ಅಂಗಡಿಯ ಟ್ರಯಲ್ ಕೋಟು.

ಕಾಲಿಗೆ ಬುದ್ಧಿ ಹೇಳಬೇಕಿತ್ತು, ಹೇಳಲಿಲ್ಲ. ಹಾಡುಹಗಲು, ಕೈಯಲ್ಲಿ ಬಿಸಿ ಚಹಾ, ಎದುರಿಗೆ ನನಗಿಂತ ಹೆಚ್ಚು ಹೆದರಿದ ಗಂಡಸು. ಫ್ಲಾಸ್ಕ್ ಎತ್ತಿ ತೋರಿಸಿ, ಕುಡಿಯೋಕಾಗುತ್ತಾ ಎಂದು ಕೇಳಿದೆ. ಆಗಲ್ಲ, ಆದರೆ ವಾಸನೆ ಬಂದರೆ ಸಂತೋಷ ಎಂದರು. ನಾನು ಮೆಟ್ಟಿಲ ಮೇಲೆ ಕೂತು ಕುಡಿದೆ.

ಅವರ ಕಥೆ ಸರಳ. ವರ್ಷಕ್ಕೆ ಈ ಎಂಟು ದಿನ ಮಾತ್ರ ಇಲ್ಲಿರುತ್ತಾರೆ, ಈ ತಿರುವು ಬಿಟ್ಟು ಮೇಲೂ ಇಲ್ಲ, ಕೆಳಗೂ ಇಲ್ಲ. ರಜೆ ಮುಗಿದು ಬೀದಿಯ ಮೊದಲ ಶಟರ್ ಎದ್ದ ಸದ್ದಿಗೆ ಇಲ್ಲವಾಗುತ್ತಾರೆ. ಅಪ್ಪ ಯಾಕೆ ಜಪ್ಪಯ್ಯ ಅಂದರೂ ಸಮುದ್ರಕ್ಕೆ ಬರುತ್ತಿರಲಿಲ್ಲ ಎಂಬುದು ನನಗೆ ಆವತ್ತು ತಿಳಿಯಿತು. ಸಾಯುವ ತನಕ ಪ್ರತಿ ರಜೆಯಲ್ಲೂ ಅವರು ಈ ಮೆಟ್ಟಿಲ ಮೇಲೆ ಕೂತು ಇವರೊಡನೆ ಹರಟೆ ಹೊಡೆಯುತ್ತಿದ್ದರಂತೆ. ಅಪ್ಪ ಹೋದ ಮೇಲಿನ ರಜೆಗಳಲ್ಲಿ ಇವರು ಒಬ್ಬರೇ ಕಿಟಕಿ ನೋಡುತ್ತಾ ನಿಂತಿದ್ದರು. ನಾನು ಆಗ ಮರಳಿನ ಮೇಲೆ ಕಾಲು ಚಾಚಿ, ಭಾವನ ಹಳಸಲು ಜೋಕುಗಳಿಗೆ ಆಕಳಿಸುತ್ತಿದ್ದೆ.

ಎರಡನೇ ದಿನ ಹೊಲಿಗೆಯನ್ನೂ ಮೆಟ್ಟಿಲಿಗೇ ತಂದೆ. ಅವರು ಮಾತಾಡಿದರು, ನಾನು ಕಾಜಾ ಹಾಕಿದೆ. ಹಗ್ಗ ಸವೆದ ಲಿಫ್ಟನ್ನು ಕಿವಿಯಿಂದಲೇ ಪತ್ತೆ ಹಚ್ಚುವುದು ಹೇಗೆಂದು ಹೇಳಿಕೊಟ್ಟರು. ಆ ವಿದ್ಯೆಯಿಂದ ನನಗೇನು ಉಪಯೋಗವೋ, ಆದರೂ ಈಗ ಅದು ನನಗೆ ಗೊತ್ತು. ಮುಟ್ಟಲು ನೋಡಿದೆ, ಕೈಗೆ ತಣ್ಣನೆಯ ಗಾಳಿಯಷ್ಟೇ ಸಿಕ್ಕಿತು. ಆದರೆ ಕೋಟಿನ ನೂಲು ಸಿಕ್ಕಿತು. ಒಂದೊಂದು ಹೊಲಿಗೆಯೂ ಬೆರಳಿಗೆ ಸಿಕ್ಕಿತು. ಭುಜದಿಂದ ಮಣಿಕಟ್ಟಿನವರೆಗೆ ನೂಲು ಹಿಡಿದು ಬೆರಳಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ನಾನು ಅವರನ್ನು ನೀವು ಅನ್ನಲಿಲ್ಲ.

ಮೂರನೇ ದಿನ ಅಂಗಡಿಯ ಅಟ್ಟದಿಂದ ಅಪ್ಪನ ಟ್ರಂಕು ಇಳಿಸಿದೆ. ಆಸ್ಪತ್ರೆಯವರು ವಾಪಸು ಕೊಟ್ಟಿದ್ದ ನಿಜವಾದ ಕೋಟು ಅದರಲ್ಲಿತ್ತು. ಮಾರಬೇಡ, ಮುಗಿಸಬೇಡ ಎಂದು ಅಪ್ಪ ಹೇಳಿದ್ದರೇ ಹೊರತು ಯಾಕೆಂದು ಹೇಳಿರಲಿಲ್ಲ. ಮೆಟ್ಟಿಲ ಮೇಲೆ ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಕಾಲರಿನ ನೂಲು ಸಡಿಲವಾಗಿತ್ತು. ಹೊಲಿಗೆಯವಳ ಚಾಳಿ, ಸುಮ್ಮನಿರಲಾರದೆ ಗೇಣುದ್ದ ಕಿತ್ತೆ. ಎದುರಿಗೆ ಅವನ ಕುತ್ತಿಗೆ ಇದ್ದ ಜಾಗದಲ್ಲಿ ಕಿಟಕಿ ಕಂಡಿತು. ತಕ್ಷಣ ಅಲ್ಲೇ ಹೊಸ ನೂಲು ಹಾಕಿದೆ, ಕುತ್ತಿಗೆ ವಾಪಸು ಬಂತು. ಅಪ್ಪ ಯಾಕೆ ಮುಗಿಸಬೇಡ ಅಂದರೆಂದು ಅರ್ಥವಾಯಿತು. ಕೋಟು ಪೂರ್ತಿಯಾದರೆ ಕಚ್ಚಾ ನೂಲನ್ನೆಲ್ಲ ಕಿತ್ತು ಹಾಕುವುದು ನಮ್ಮ ಪದ್ಧತಿ. ಆ ನೂಲು ಹೋದರೆ ಇವನೂ ಹೋಗುತ್ತಾನೆ.

ಅಷ್ಟಕ್ಕೂ ಅಂಥ ಕಟ್ಟುನಿಟ್ಟಿನ ಅಪ್ಪ ನಿನ್ನನ್ನು ಅವತ್ತು ಹೊರಗೆ ಬಿಟ್ಟದ್ದಾದರೂ ಯಾಕೆ ಎಂದು ಕೇಳಿದೆ. ಅವನು ಕಿಟಕಿಯತ್ತ ತಿರುಗಿದ. ಎರಡು ವರ್ಷದಲ್ಲಿ ಐದು ಪ್ಯಾಂಟಿಗೆ ಮಡಿಕೆ ಹೊಲಿಸಿದ್ದನಂತೆ, ಅದರಲ್ಲಿ ಮೂರಕ್ಕೆ ಅಗತ್ಯವೇ ಇರಲಿಲ್ಲವಂತೆ. ಬಾಗಿಲಿಗೆ ಬೆನ್ನು ಹಾಕಿ ಮೆಷೀನಿನ ಮುಂದೆ ಕೂತ ನಾನು ಒಮ್ಮೆಯೂ ತಿರುಗಿ ನೋಡಲಿಲ್ಲವಂತೆ. ಕೊನೆಗೆ ಧೈರ್ಯ ಮಾಡಿ ಕೋಟು ಹೊಲಿಸಲು ಕೊಟ್ಟ. ರಜೆಗೆ ಮೊದಲೇ ಬೇಕೆಂದು ಅವಸರ ಮಾಡಿದ. ಆದರೂ ಟ್ರಯಲ್ ರಜೆಯ ಮೊದಲ ದಿನಕ್ಕೆ ಬಿತ್ತು, ಅಪ್ಪ ಅವನಿಗೋಸ್ಕರ ಅಂಗಡಿ ತೆರೆದಿದ್ದರು, ನಾನು ಮೇಲೆ ಮನೆಯಲ್ಲಿದ್ದೆ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಚೆನ್ನಾಗಿ ಕಾಣ್ತಿದ್ದೀಯ, ಹೋಗಿ ಅವಳಿಗೆ ತೋರಿಸಿ ಬಾ ಎಂದರಂತೆ.

"ಹದಿನೆಂಟು ಮೆಟ್ಟಿಲು ಹತ್ತಿದ್ದೆ," ಅಂದ. "ಇನ್ನು ಹದಿನೆಂಟು ಇತ್ತು."

ನಾನು ಅತ್ತೆ. ಸಿಟ್ಟಿನಲ್ಲೇ ಅತ್ತೆ. ಅಪ್ಪನ ಮೇಲೆ ಸಿಟ್ಟು, ತಿರುಗಿ ನೋಡದ ನನ್ನ ಕುತ್ತಿಗೆಯ ಮೇಲೆ ಸಿಟ್ಟು. ಅವತ್ತು ಇವನು ನನಗಿಂತ ನಾಲ್ಕು ವರ್ಷ ದೊಡ್ಡವನು. ಈಗ ಅವನಿಗೆ ಇನ್ನೂ ಮೂವತ್ತನಾಲ್ಕೇ, ನನಗೆ ನಲವತ್ತೊಂದು. ಇನ್ನು ಇಪ್ಪತ್ತು ವರ್ಷಕ್ಕೆ ಜನ ನಿನ್ನನ್ನು ನನ್ನ ಮಗ ಅಂತಾರೆ ಎಂದೆ. ಜನಕ್ಕೆ ನಾನು ಕಾಣಲ್ಲವಲ್ಲ, ಆ ಚಿಂತೆ ಬಿಡು ಎಂದ. ಅಳುತ್ತಲೇ ನಗು ಬಂತು.

ಐದನೇ ದಿನ ಕೇಳಲೇಬೇಕಾದ್ದನ್ನು ಕೇಳಿದೆ. ಕೋಟು ಮುಗಿಸಲಾ? ಹೋಗಬೇಕು ಅನ್ನಿಸುತ್ತಾ? ಹೂಂ ಅಂದಿದ್ದರೆ ಕಣ್ಣೀರು ಒರೆಸಿಕೊಂಡಾದರೂ ಮುಗಿಸುತ್ತಿದ್ದೆ.

"ಬೇಗ ಮುಗಿಸಿ ಅಂತ ನಿಮ್ಮಪ್ಪನ ಪ್ರಾಣ ತಿಂದವನು ನಾನೇ. ಈಗ ನನಗೆ ಯಾವ ಅವಸರವೂ ಇಲ್ಲ. ನೀನು ಬರ್ತೀಯ ಅಂದ್ರೆ ವರ್ಷವಿಡೀ ಕಾಯ್ತೀನಿ."

ಬರುತ್ತೇನೆ ಎಂದೆ.

ಏಳನೇ ದಿನ ಅಕ್ಕ ಬಂದಳು. ನಾನು ಫೋನ್ ಎತ್ತುತ್ತಿಲ್ಲವೆಂದು ಸಮುದ್ರ ಬಿಟ್ಟು ಓಡಿ ಬಂದವಳು, ಕೆಳಗಿನ ಮೆಟ್ಟಿಲಲ್ಲಿ ನಿಂತು ನಾನು ಖಾಲಿ ಗೋಡೆಯೊಡನೆ ನಗುತ್ತಿರುವುದನ್ನು ಕೇಳಿಸಿಕೊಂಡಳು. ಅವಳ ಕಣ್ಣಿಗೆ ಅವನು ಕಾಣಲಿಲ್ಲ. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಹುಚ್ಚು ಹಿಡಿದಿದೆ ಅನ್ನುತ್ತಾಳೆಂದುಕೊಂಡಿದ್ದೆ, ಅನ್ನಲಿಲ್ಲ. ಅಪ್ಪ ಕೊನೆಯ ದಿನಗಳಲ್ಲಿ ಮೆಟ್ಟಿಲು ಮೆಟ್ಟಿಲು ಎಂದು ಕನವರಿಸಿದ್ದನ್ನು ಅವಳೂ ಕೇಳಿದ್ದಳು. ನನ್ನ ತೊಡೆಯ ಮೇಲಿದ್ದ ಕೋಟನ್ನು ಎತ್ತಿಕೊಂಡಳು.

"ಅಪ್ಪ ಬಿಟ್ಟ ಕೆಲಸ ನಾನು ಮುಗಿಸ್ತೀನಿ," ಎಂದು ದಡದಡ ಕೆಳಗಿಳಿದು ಅಂಗಡಿಗೆ ಹೋದಳು.

ಮದುವೆಗೆ ಮುಂಚೆ ಅಂಗಡಿಯ ಕೊನೆಯ ಕೈಕೆಲಸವೆಲ್ಲ ಅವಳದೇ. ಅವಳ ಕತ್ತರಿಯ ವೇಗ ನನಗೆ ಗೊತ್ತು. ನಾನು ಏಳುವಷ್ಟರಲ್ಲಿ ಅವನ ಎಡಗೈಯ ಬೆರಳುಗಳು ಹೋದವು, ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು. ಅವನು ಹೋಗುತ್ತಿರುವ ಕೈಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ನಾನು ಮೆಟ್ಟಿಲನ್ನು ಮೂರು ಮೂರಾಗಿ ಹಾರಿದೆ.

ಕೋಟಿನ ಬಲ ತೋಳು ಹಿಡಿದೆ. ಎಡ ತೋಳು ಅಕ್ಕನ ಕೈಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಎಳೆದಾಡುತ್ತಿದ್ದರು. ನಾವಿಬ್ಬರೂ ಟೈಲರ್‌ ಮಕ್ಕಳು. ಕಚ್ಚಾ ಹೊಲಿಗೆಯನ್ನು ಎಳೆದರೆ ಏನಾಗುತ್ತದೆಂದು ಕೈಗೇ ಗೊತ್ತು. ಇಬ್ಬರೂ ಒಟ್ಟಿಗೆ ಹಿಡಿತ ಸಡಿಲಿಸಿದೆವು. ಕೋಟು ಇಬ್ಬರ ನಡುವೆ ತೂಗುತ್ತಿತ್ತು.

"ಸತ್ತವನಿಗೋಸ್ಕರ ನಿನ್ನ ಬದುಕು ಹಾಳು ಮಾಡ್ಕೋತೀಯಾ?" ಎಂದಳು ಅಕ್ಕ. "ಬಿಟ್ಟುಬಿಡು ಕಣೇ. ಅವನೂ ಹೋಗ್ಲಿ, ನೀನೂ ಬದುಕು."

"ಅವನನ್ನ ಕೇಳಿದ್ದೀನಿ ಅಕ್ಕಾ. ಹೋಗಲ್ಲ ಅಂದ."

"ಅವನು ಅಂದಿದ್ದೋ, ನೀನು ಅಂದಿದ್ದೋ?"

"ಇಬ್ಬರೂ. ನಿನ್ನ ಸಮುದ್ರದ ದಂಡೇಲಿ ಹತ್ತು ವರ್ಷ ಕೂತಿದ್ದೀನಲ್ಲ, ಅದನ್ನ ನೀನು ಬದುಕು ಅಂತೀಯಾ? ನನಗೆ ಅವನು ಇಷ್ಟ. ವರ್ಷಕ್ಕೆ ಎಂಟು ದಿನ ಸಾಕು. ನೀನು ಭಾವನ ಜೊತೆ ವರ್ಷಕ್ಕೆ ಎಷ್ಟು ದಿನ ನೆಟ್ಟಗೆ ಮಾತಾಡ್ತೀಯ ಹೇಳು ನೋಡೋಣ."

ಅದು ಕೊಂಚ ಹೆಚ್ಚಾಯಿತು. ನಾಲಿಗೆ ಕಚ್ಚಿಕೊಂಡೆ. ಅಕ್ಕ ಕೋಟು ಬಿಟ್ಟಳು, ಕತ್ತರಿಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಸಿದಳು. ನಾನು ಅಲ್ಲೇ ನೆಲದ ಮೇಲೆ ಕೂತು ತೋಳಿಗೆ ಹೊಸ ನೂಲು ಹಾಕಿದೆ. ಅಪ್ಪನ ಹಾಗೆ ಜೋಡಿ ಗಂಟು ಹಾಕಿ ಮೇಲೆ ಓಡಿದೆ. ಅವನು ವಾಪಸು ಬಂದ ಬೆರಳುಗಳನ್ನು ಮಡಚಿ ಬಿಡಿಸಿ ನೋಡುತ್ತಿದ್ದ.

ಕೋಟನ್ನು ಮತ್ತೆ ಟ್ರಂಕಿನಲ್ಲಿಡಲು ಹೋದಾಗ ತಳದಲ್ಲಿ ಅದೇ ಥಾನಿನ ಬೂದು ಬಟ್ಟೆ ಸಿಕ್ಕಿತು, ಇನ್ನೊಂದು ಕೋಟಿಗೆ ಆಗುವಷ್ಟು. ಮೇಲೆ ಗುಂಡುಸೂಜಿಯಲ್ಲಿ ಚುಚ್ಚಿದ ಅಳತೆಯ ಚೀಟಿ, ಅಪ್ಪನ ಕೈಬರಹ. ಅಳತೆ ನನ್ನದು, ಮೂವತ್ತನೇ ವಯಸ್ಸಿನದು. ಮುದುಕ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಜೋಡಿ ಬಟ್ಟೆ ಕೊಂಡಿದ್ದ. ಸೊಂಟದಲ್ಲಿ ಮೂರು ಇಂಚು ಹೆಚ್ಚಿಸಿಕೊಂಡು ಎಂಟನೇ ದಿನ ಕತ್ತರಿಸಿದೆ, ಮೆಟ್ಟಿಲ ಮೇಲೆ ಅವನ ಎದುರಿಗೇ ಜೋಡಿಸಿದೆ. ಎಲ್ಲ ಬಿಳಿ ನೂಲು, ಎಲ್ಲ ಕಚ್ಚಾ. ಸಂಜೆ ತೊಟ್ಟು ಎದ್ದು ನಿಂತೆ. ಚೆನ್ನಾಗಿ ಕಾಣ್ತಿದ್ದೀಯ ಎಂದ. ಇಬ್ಬರ ಕೋಟಿನ ತೋಳೂ ತಾಗಿಕೊಂಡಿತ್ತು, ನೂಲಿಗೆ ನೂಲು.

ಮಾರನೆಯ ಬೆಳಿಗ್ಗೆ ಔಷಧಿ ಅಂಗಡಿಯ ಶಟರ್ ಎದ್ದ ಸದ್ದಿಗೆ ಅವನು ಇರಲಿಲ್ಲ. ನಾನು ಅದೇ ಕೋಟು ತೊಟ್ಟು ಬೀದಿಗಿಳಿದೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಬೇಕೆಂದೇ ನಡೆದೆ. ಚಪ್ಪಲಿ ಅಂಗಡಿಯವನು ನೂಲು ಕೀಳೋದು ಮರೆತಿರಾ ಎಂದು ನಕ್ಕ. ಮರೆತಿಲ್ಲ, ಕೀಳಲ್ಲ ಎಂದೆ.

ಅಂಗಡಿಯಲ್ಲಿ ಅಕ್ಕ ಊರಿಗೆ ಹೊರಡಲು ಬ್ಯಾಗ್ ಹಿಡಿದು ನಿಂತಿದ್ದಳು. ಕೋಟು ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಆದರೂ ಹೇಳಿದೆ.

"ನನಗೆ ಸಾಯೋ ಅವಸರ ಇಲ್ಲ. ಎಂಬತ್ತು ವರ್ಷ ಬದುಕಿ ನಿನ್ನ ಪ್ರಾಣ ತಿಂತೀನಿ. ಆದ್ರೆ ಹೋಗೋ ದಿನ ನನ್ನ ಮೈಮೇಲೆ ಇದೇ ಇರಬೇಕು, ಹೀಗೇ ಇರಬೇಕು. ಹದಿನೆಂಟು ಮೆಟ್ಟಿಲು ಇಳಿದು ಅವನ ಹತ್ತಿರ ಹೋಗ್ತೀನಿ. ಒಂದು ದಾರ ಯಾರಾದ್ರೂ ಕಿತ್ತರೆ ನಾನು ಸುಮ್ಮನಿರಲ್ಲ."

ಅಕ್ಕ ಹತ್ತಿರ ಬಂದು, ಹೊಲಿಗೆಯವಳ ಕಣ್ಣಿನಿಂದ ಭುಜ ನೋಡಿದಳು, ಬೆನ್ನು ನೋಡಿದಳು. ಬೀದಿಯ ನಡಿಗೆಗೆ ಎಡ ತೋಳಿನ ನೂಲು ಒಂದು ಕಡೆ ಬಿಚ್ಚಿಕೊಂಡಿತ್ತು. ಅವಳ ಕೈ ಅಲ್ಲಿಗೆ ಹೋದದ್ದು ಕಂಡು ನಾನು ಮೈ ಬಿಗಿ ಹಿಡಿದೆ.

"ಅಲ್ಲಾಡಬೇಡ," ಎಂದಳು. ಬ್ಯಾಗ್ ಕೆಳಗಿಟ್ಟು, ಮೇಜಿನಿಂದ ಸೂಜಿ ಎತ್ತಿಕೊಂಡು ಬಿಳಿ ನೂಲು ಪೋಣಿಸಿದಳು. ಬಿಚ್ಚಿದ ಜಾಗಕ್ಕೆ ನಾಲ್ಕು ಉದ್ದನೆಯ ಹೊಲಿಗೆ ಹಾಕಿ, ಜೋಡಿ ಗಂಟು ಬಿಗಿದು, ಹಲ್ಲಿನಿಂದ ನೂಲು ತುಂಡರಿಸಿದಳು.