ಕುರಿ ಎರಡರಷ್ಟು, ಮಕ್ಕಳು ಅಷ್ಟೇ

ಕೀಲಿ ರಿಪೇರಿಯವನ ಕೈಗೆ ಬಗ್ಗದ ಬೀಗ ಇನ್ನೂ ಹುಟ್ಟಿರಲಿಲ್ಲ. ಒಮ್ಮೆ ಪೊಲೀಸ್ ಸಾಹೇಬರು ತಮ್ಮದೇ ಲಾಕಪ್ಪಿನೊಳಗೆ ಸಿಕ್ಕಿಹಾಕಿಕೊಂಡಾಗ, ಒಳಗಿದ್ದ ಕಳ್ಳನೇ ಇವನ ವಿಳಾಸ ಹೇಳಿದನಂತೆ. ಇವನು ಹೋಗಿ ಒಂದು ಹೇರ್‌ಪಿನ್ನಿನಲ್ಲಿ ಬಾಗಿಲು ತೆಗೆದ. ಸಾಹೇಬರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕಳ್ಳ ಎರಡು ಬೀದಿ ದಾಟಿದ್ದ. ನಂಬುವವರು ನಂಬಿ, ಬಿಡುವವರು ಬಿಡಿ.

ಅಂಥವನ ಆಟ ಮಗಳ ನೋಟ್‌ಬುಕ್ಕಿನ ಕೊನೆಯ ಪುಟದ ಮುಂದೆ ನಡೆಯಲಿಲ್ಲ. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದ ಆ ಹನ್ನೆರಡರ ಹುಡುಗಿ ಒಂಬತ್ತು ದಿನದ ಜ್ವರದಲ್ಲಿ ಹೋಗಿ ಇಪ್ಪತ್ತು ದಿನವಾಗಿತ್ತು. ಪುಟದಲ್ಲಿ ಶಾಲೆಯ ಪ್ರಶ್ನೆ: ಯೆಹೂದ್ಯರ ಧರ್ಮಗ್ರಂಥದ ಯೋಬ ಎಲ್ಲವನ್ನೂ ಕಳೆದುಕೊಂಡ. ಕೊನೆಗೆ ದೇವರು ಕುರಿ, ಒಂಟೆಗಳನ್ನು ಎರಡರಷ್ಟು ಕೊಟ್ಟ. ಮಕ್ಕಳನ್ನು ಮಾತ್ರ ಸತ್ತವರಷ್ಟೇ ಕೊಟ್ಟ, ಹತ್ತು. ಯಾಕೆ? ಕೆಳಗೆ ಅವಳ ಗುಂಡು ಅಕ್ಷರದಲ್ಲಿ ‘ಉತ್ತರ’ ಎಂದಿತ್ತು. ಮುಂದೆ ಎರಡು ಚುಕ್ಕಿ, ಅಷ್ಟೇ.

ಉತ್ತರ ತುಂಬಿಸಿ ಸೋಮವಾರ ಟೀಚರಿಗೆ ಒಪ್ಪಿಸಿಯೇ ತೀರುತ್ತೇನೆಂದು ಅವನು ಹಟ ಹಿಡಿದ.

“ಯಾರಿಗೆ ಬೇಕ್ರೀ ಅದು ಈಗ?” ಅಂದಳು ಹೆಂಡತಿ.

“ಅವಳು ಯಾವತ್ತಾದ್ರೂ ಹೋಂವರ್ಕ್ ಬಾಕಿ ಇಟ್ಟಿದ್ಲಾ?”

ಹೆಂಡತಿ ಒಣಗಿದ್ದ ತಟ್ಟೆಯನ್ನೇ ಮೂರು ಸಲ ಒರೆಸಿದಳು.

ಬೆಳಿಗ್ಗೆ ಅಂಗಡಿಯಲ್ಲಿ ಕೂತು, ಗುಬ್ಬಿ ಪಾಠದ ಅನುಮಾನ ಕೇಳುತ್ತಿದ್ದ ಜಾಲತಾಣಕ್ಕೆ ಅವಳ ಫೋನಿನಿಂದಲೇ ಪ್ರಶ್ನೆ ಹಾಕಿದ. ಬೇರೆ ಖಾತೆ ತೆರೆಯುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಪ್ರಶ್ನೆಯ ಪಕ್ಕದಲ್ಲಿ ಗುಬ್ಬಿಯ ಫೋಟೊ ಹಲ್ಲುಬಿಟ್ಟು ಕೂತಿತ್ತು.

ಸಾವಿನ ಮನೆಗೆ ಬಂದ ನೆಂಟರಿಗಿಂತ ಬೇಗ ಅಪರಿಚಿತರು ಬಂದರು. ಒಬ್ಬ ಈಗಿನ ಮಕ್ಕಳ ಸೋಮಾರಿತನದ ಬಗ್ಗೆ ಮಾರುದ್ದ ಬರೆದ. ಇನ್ನೊಬ್ಬ ಒಂಟೆ ನೀರಿಲ್ಲದೆ ಎಷ್ಟು ದಿನ ಇರುತ್ತದೆಂದು ವಿವರಿಸಿದ; ಒಂಟೆಯೂ ಅಷ್ಟು ಯೋಚಿಸಿರಲಾರದು. ಹೊಸ ಮಕ್ಕಳು ಹುಟ್ಟಿದರಲ್ಲ, ನಷ್ಟ ತುಂಬಿತಲ್ಲ, ಇನ್ನೇನು ಬೇಕಂತೆ ಎಂದ ಮತ್ತೊಬ್ಬ. ಅದನ್ನು ಓದಿ ಕೀಲಿಯವನು ಅರ ಎತ್ತಿಕೊಂಡು, ಆಗಲೇ ಮುಗಿದಿದ್ದ ಗಿರಾಕಿಯ ಕೀಲಿಯೊಂದನ್ನು ಹಲ್ಲೇ ಉಳಿಯದಂತೆ ಉಜ್ಜಿಬಿಟ್ಟ.

ಮಧ್ಯಾಹ್ನ ಯೆಹೂದ್ಯ ಧರ್ಮದ ಮುದುಕರೊಬ್ಬರು ಬರೆದರು. “ಸತ್ತ ಕುರಿ ಸತ್ತೇ ಹೋಯ್ತು ಮಗು, ಅದಕ್ಕೇ ಎರಡರಷ್ಟು. ಸತ್ತ ಮಕ್ಕಳು ಎಲ್ಲೂ ಹೋಗಿಲ್ಲ, ದೇವರ ಹತ್ರ ಇದ್ದಾರೆ ಅಂತ ಕೆಲವರು ಹೇಳ್ತಾರೆ. ಅಲ್ಲಿ ಹತ್ತು, ಇಲ್ಲಿ ಹತ್ತು. ಎರಡರಷ್ಟೇ ಆಯ್ತಲ್ಲ? ಒಪ್ಪಿಗೆ ಆಗದಿದ್ರೆ ನಿಮ್ಮಪ್ಪನ್ನ ಕೇಳು.”

ಅವನು ಪೆನ್ನು ತೆಗೆದು ಆ ಎರಡು ಚುಕ್ಕಿಯ ಮುಂದೆ ಹಿಡಿದ. ಮುದುಕರು ಕೊಟ್ಟ ಕೀಲಿ ಸರಿಯಾಗಿ ಕೂತಿತ್ತು, ಸಲೀಸಾಗಿ ತಿರುಗಿಯೂ ತಿರುಗಿತು. ಬೀಗ ಮಾತ್ರ ತೆರೆಯಲಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಅಂಥದ್ದೊಂದನ್ನು ಅವನು ಕಂಡಿರಲಿಲ್ಲ. ಪೆನ್ನು ಕೆಳಗಿಟ್ಟು, ಅಪ್ಪನಿಗೂ ಗೊತ್ತಿಲ್ಲ ಎಂದು ಫೋನಿನಲ್ಲಿ ಬರೆದ.

“ಪರವಾಗಿಲ್ಲ,” ಎಂದರು ಮುದುಕರು. “ಚೆನ್ನಾಗಿ ಓದು. ದೊಡ್ಡೋಳಾದ ಮೇಲೆ ನೀನೇ ಅವರಿಗೆ ಹೇಳ್ಕೊಡು.”

ಆಯ್ತು ತಾತ, ಎಂದು ಅವನು ಬರೆದ. ಬೀದಿಯಲ್ಲೆಲ್ಲ ಲಾಕಪ್ಪಿನ ಕತೆ ಹೇಳಿಕೊಂಡು ತಿರುಗಿದವನಿಗೆ ಆ ಒಂದು ಸುಳ್ಳು ಟೈಪು ಮಾಡಲು ಕಾಲು ಗಂಟೆ ಹಿಡಿಯಿತು.

ಸೋಮವಾರ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಯ ತನಕ ಹೋದ. ಗೇಟು ಹಾರುಹೊಡೆದಿತ್ತು. ಒಳಗೆ ಹೋಗಲು ಅವನಿಂದ ಆಗಲಿಲ್ಲ.