ಕ್ರಿಸಾಂತೊ ಅಜ್ಜ ಗಾಡಿ ತುಂಬಿಸಿದ್ದು

ಇಲೋಇಲೊ ನಗರದ ವೃದ್ಧಾಶ್ರಮದಿಂದ ಕ್ರಿಸಾಂತೊ ಅಜ್ಜ ಆ ತಿಂಗಳಲ್ಲಿ ಮೂರನೇ ಸಲ ನಾಪತ್ತೆಯಾದಾಗ, ಅಲ್ಲಿನ ಸಮಾಜ ಕಾರ್ಯಕರ್ತೆ ಜೋವೆಲಿನ್ ಹೆಚ್ಚು ಹುಡುಕಬೇಕಾಗಲಿಲ್ಲ. ಮೊಲೊ ಚೌಕದಲ್ಲಿ, ಬಸ್ಸಿನಂತೆ ಜನರನ್ನು ಒಯ್ಯುವ ಜೀಪ್ನಿ ಗಾಡಿಗಳ ನಿಲ್ದಾಣದಲ್ಲಿ, ಆಶ್ರಮದ ಪೈಜಾಮದಲ್ಲೇ, ಅಜ್ಜ ಊರುಗಳ ಹೆಸರು ಕೂಗಿ ಕೂಗಿ ಜನರನ್ನು ಹತ್ತಿಸುತ್ತಿದ್ದ.

ಅಜ್ಜನನ್ನು ವಾಪಸ್ ಕರೆತಂದ ಮೇಲೆ ಆಶ್ರಮದ ಮೇಲ್ವಿಚಾರಕಿ, ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಫಿದೆಲಾ, ಗೇಟಿಗೆ ಬೀಗ ಹಾಕಿಸಲು ಹೊರಟರು. "ಅವರಿಗೆ ಅರಳುಮರುಳು ಕಣಮ್ಮ. ಫೈಲಲ್ಲಿ ಹಾಗೇ ಬರಿ."

"ಒಂದು ವಾರ ತಡೀರಿ ಸಿಸ್ಟರ್. ಮೊದಲು ಅವರನ್ನೇ ಕೇಳ್ತೀನಿ," ಎಂದಳು ಜೋವೆಲಿನ್.

ಹೋಗಿ ಕೇಳಿಯೂ ಕೇಳಿದಳು. "ಎಲ್ಲಿಗೆ ಹೋಗ್ಬೇಕು ಅಂತೀರಜ್ಜ?"

"ನಾನೆಲ್ಲಿ ಹೋಗ್ತೀನಮ್ಮ? ಹೋಗೋರನ್ನ ಕಳಿಸ್ತೀನಿ. ಮೂವತ್ತೆಂಟು ವರ್ಷ ಅದೇ ಕೆಲಸ. ನಿಮ್ಮಲ್ಲಿ ಯಾರೂ ಎಲ್ಲಿಗೂ ಹೋಗೋದೇ ಇಲ್ವಲ್ಲ."

ಜೋವೆಲಿನ್ ಅಂದೇ ಓಡಾಟ ಶುರುಮಾಡಿದಳು. ಡಾಕ್ಟರ ಒಪ್ಪಿಗೆ, ಆಶ್ರಮದವರ ಮಕ್ಕಳು ಮೊಮ್ಮಕ್ಕಳ ಸಹಿ, ಅಜ್ಜನ ಪರಿಚಯದ ಡ್ರೈವರು, ಎಲ್ಲವನ್ನೂ ಹೊಂದಿಸಿದಳು. ಶನಿವಾರ ಬೆಳಿಗ್ಗೆ ಜೀಪ್ನಿ ಹಾರ್ನ್ ಬಾರಿಸುತ್ತ ಗೇಟಿನೆದುರು ನಿಂತಿತು.

ಅಜ್ಜ ಹಿಂಬಾಗಿಲ ಬಳಿ ಕೂತು ಗಂಟಲು ಬಿಚ್ಚಿದ. "ವಿಲ್ಲಾ ಬೀಚ್, ವಿಲ್ಲಾ ಬೀಚ್! ಬನ್ನಿ ಬನ್ನಿ, ಹೊರಟೇಬಿಡ್ತು."

ಎಂಟು ಮಂದಿ ಮುದುಕ ಮುದುಕಿಯರು, ಇಬ್ಬರು ನರ್ಸುಗಳು, ಜೋವೆಲಿನ್ ಹತ್ತಿದರು. ನಿಗಾ ಇಡಲೆಂದು ಬಂದ ಸಿಸ್ಟರಿಗೆ ಬೆಂಚಿನ ತುದಿಯಲ್ಲಿ ಗೇಣಗಲ ಜಾಗ ಸಿಕ್ಕಿತು.

"ಇನ್ನೂ ಇಬ್ರು ಹಿಡೀತಾರೆ. ಜರುಗಿ ಸಿಸ್ಟರ್, ಪ್ರಾರ್ಥನೆಗೆ ಕೂತ ಹಾಗೆ ಕೂತ್ರೆ ಆಗಲ್ಲ," ಎಂದ ಅಜ್ಜ.

ಸಿಸ್ಟರ್ ಜರುಗಿದರು. ಮಾರ್ಕೆಟ್ಟಿನ ತಿರುವಿನಲ್ಲಿ ಗಾಡಿ ನಿಧಾನವಾದದ್ದೇ ತಡ, ಅಜ್ಜನ ಕೂಗು ನಂಬಿ ಮೀನುಬುಟ್ಟಿಯ ಹೆಂಗಸೊಬ್ಬಳು ಹತ್ತಿಯೇಬಿಟ್ಟಳು. ಬುಟ್ಟಿಗೆ ಉಳಿದದ್ದು ಸಿಸ್ಟರ ಮಡಿಲೊಂದೇ.

ಹೆಂಗಸು ಎಲ್ಲರ ಮುಖ ನೋಡಿ ಕೇಳಿದಳು, "ಇದೇನು, ಗಾಡಿ ತುಂಬ ಬರೀ ವಯಸ್ಸಾದೋರೇ?"

"ಹತ್ತಿದಾಗ ಚಿಕ್ಕೋರೇ ಇದ್ವಿ ಕಣೇ. ಟ್ರಾಫಿಕ್ಕು," ಎಂದಳು ಪಾಸಿಟಾ ಅಜ್ಜಿ. ಈಸ್ಟರಿನಿಂದ ಈಚೆಗೆ ಗಂಜಿ ಬೇಡ ಎನ್ನುವುದಕ್ಕಷ್ಟೇ ಬಾಯಿ ಬಿಟ್ಟವಳು ಅವಳು.

ಎಲ್ಲರೂ ಅವಳತ್ತ ತಿರುಗಿದರು. ಆಮೇಲೆ ನಗು ಎಂಥದು ಎದ್ದಿತೆಂದರೆ ಡ್ರೈವರು ಗಾಡಿಯನ್ನು ಪಕ್ಕಕ್ಕೆ ಹಾಕಿ ಕಣ್ಣೊರೆಸಿಕೊಳ್ಳಬೇಕಾಯಿತು. ಒಬ್ಬರ ಹಲ್ಲಿನ ಸೆಟ್ಟು ಜಾರಿತು. ಅದನ್ನು ಹಿಡಿಯಹೋದ ಸಿಸ್ಟರ ಮಡಿಲಿನಿಂದ ಬುಟ್ಟಿಯೂ ಜಾರಿ ಮೀನುಗಳು ಎಲ್ಲರ ಕಾಲಡಿ ಹರಡಿದವು. ಜೋವೆಲಿನ್ ಬಗ್ಗಿ ಮೀನು ಆಯುತ್ತ, ಹೊಟ್ಟೆ ಹಿಡಿದುಕೊಂಡು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೀನಿನವಳು ತನ್ನ ಸ್ಟಾಪು ಬಂದರೂ ಇಳಿಯಲಿಲ್ಲ. ಬೀಚಿನಲ್ಲಿ ಬೆಂಕಿ ಹಾಕಿ ಅವೇ ಮೀನುಗಳನ್ನು ಸುಟ್ಟು ಎಲ್ಲರಿಗೂ ತಿನ್ನಿಸಿದಳು.

ಸಂಜೆ ಸಿಸ್ಟರ್ ಮೀನಿನ ವಾಸನೆಯೊಂದಿಗೇ ಜೋವೆಲಿನ್‌ಳ ಕೋಣೆಗೆ ಬಂದರು. ಬಾಗಿಲು ಮುಚ್ಚಿ, ದನಿ ತಗ್ಗಿಸಿ ಹೇಳಿದರು, "ಮುಂದಿನ ಶನಿವಾರಕ್ಕೂ ಸಹಿ ಮಾಡಿಸಿಡು. ಡ್ರೈವರ್ ಪಕ್ಕದ ಸೀಟು ನನಗಿರಲಿ."