ಕೆಳಗಿನ ತಟ್ಟೆ

ಬಿಸಿ ಮೇಣದ ಹನಿ ಹೆಬ್ಬೆರಳ ಬುಡಕ್ಕೆ ಬಿತ್ತು, ಬೀಳಲಿ, ಉರಿಯಲಿ, ವೆತುರಿಯಾ ಬೆರಳು ಅಲುಗಿಸಲಿಲ್ಲ, ಕಣ್ಣು ಆ ಕೈಯ ಮೇಲಿತ್ತು, ವೃದ್ಧಾಶ್ರಮದ ಯಜಮಾನ ಹ್ರಿಸ್ತಾಕೆಯ ಕೈ, ದಪ್ಪ ಉಂಗುರದ ಕೈ, ಹಚ್ಚಿದ ಬತ್ತಿ ಹಿಡಿದು ಕೆಳಗೆ ಹೋಯಿತು, ಕೆಳಗಿನ ತಟ್ಟೆಗೆ — ಚರ್ಚಿನ ಅಂಗಳದ ಈ ತಗಡಿನ ಗೂಡಿನಲ್ಲಿ ಇರುವುದು ಎರಡೇ ತಟ್ಟೆ, ಎರಡರಲ್ಲೂ ಒದ್ದೆ ಮರಳು, ಮೇಲಿನದು ಬದುಕಿರುವವರಿಗೆ, ಕೆಳಗಿನದು ಸತ್ತವರಿಗೆ — ಬಾಯಿ ಮಾತ್ರ ಇಡೀ ಅಂಗಳಕ್ಕೆ ಕೇಳುವಂತೆ, ನಮ್ಮ ಜಾಂಫಿರಜ್ಜಿ ಎಲ್ಲಿದ್ರೂ ಸುಖವಾಗಿ ಮನೆ ಸೇರ್ಲಿ, ದೇವಮಾತೆ ಕೈಹಿಡಿದು ಕರ್ಕೊಂಡ್ಬರ್ಲಿ, ಎನ್ನುತ್ತಿತ್ತು. ಬಾಯಿ ಬರಲಿ ಎಂದಿತು, ಕೈ ಸತ್ತವರ ಮರಳಿನಲ್ಲಿ ಬತ್ತಿ ನೆಟ್ಟಿತು. ಮರುಗಳಿಗೆಗೆ ಅವನಿಗೇ ಎಚ್ಚರವಾಯಿತು, ಕಿತ್ತ, ಮೇಲಿನ ತಟ್ಟೆಯಲ್ಲಿ ಚುಚ್ಚಿದ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ, ಅತ್ತಿತ್ತ ನೋಡಿದ, ಯಾರೂ ಕಂಡಿಲ್ಲ ಎಂದುಕೊಂಡ. ಕೆಳಗೆ ಮರಳಿನಲ್ಲಿ ತೂತು ಉಳಿಯಿತು, ಸಣ್ಣದು, ದುಂಡನೆಯದು. ಅದರ ಅಂಚಿಗೆ ಒಂದು ಹನಿ ಮೇಣ ಬಿದ್ದು ಬೆಳ್ಳಗಾಗಿತ್ತು.

ತಪ್ಪಿಟ್ಟನೇ, ತಪ್ಪೆಂದರೆ ಎಂಥ ತಪ್ಪು, ಈ ದೇಶದಲ್ಲಿ ಹುಟ್ಟಿದ ಯಾವ ಕೈ ಇದನ್ನು ತಪ್ಪುತ್ತದೆ, ಸ್ಟೂಲಿನ ಮೇಲೆ ನಿಲ್ಲಿಸಿ ಅಮ್ಮ ಕಲಿಸುತ್ತಾಳೆ, ಒಂದು ಸಲ ಅಪ್ಪನ ಹೆಸರಿನದನ್ನು ಕೆಳಗಿಟ್ಟಿದ್ದಕ್ಕೆ ಮುಂಗೈಗೆ ಚಟಾರನೆ ಬಿದ್ದಿತ್ತು, ಅಯ್ಯೋ ಮುಂಡೇದೆ, ಗದ್ದೇಲಿ ಕೆಲಸ ಮಾಡ್ತಿರೋ ಮನುಷ್ಯನ್ನ ಇಲ್ಲೇ ಮಣ್ಣು ಮಾಡ್ಬಿಟ್ಯಲ್ಲೇ, ಆ ಏಟು ಕೈಗೆ ಇನ್ನೂ ನೆನಪಿದೆ, ನಡುವೆ ಎಷ್ಟು ವರ್ಷ ವೆತುರಿಯಾ ಪೊಲೀಸಾಗಿ ಚರ್ಚಿನ ಮೆಟ್ಟಿಲು ಹತ್ತದೆ ಕಳೆದಳು, ಪೊಲೀಸ್ ಸಮವಸ್ತ್ರದವರು ಹತ್ತುವಂತಿರಲಿಲ್ಲ ಆಗ, ಹತ್ತಿದರೆ ಕೆಲಸ ಹೋಗುತ್ತಿತ್ತು, ದೇವರನ್ನೊಪ್ಪದ ಆ ಆಳುವವರು ಉರುಳಿದ ಮೇಲೆ ಮೊದಲ ಸಲ ಒಳಗೆ ಬಂದಾಗ ಪ್ರಾರ್ಥನೆಯ ಮಾತೆಲ್ಲ ಮರೆತಿತ್ತು, ಕೈ ಮರೆತಿರಲಿಲ್ಲ. ನಾಲಿಗೆ ಸುಳ್ಳಾಡುತ್ತದೆ, ಕಣ್ಣು ಸುಳ್ಳಾಡುತ್ತದೆ, ಎಂಥೆಂಥವರನ್ನು ಎದುರಿಗೆ ಕೂರಿಸಿಕೊಂಡು ಬಾಯಿ ಬಿಡಿಸಿದ್ದಾಳೆ, ಕೊಲೆಗಡುಕರೂ ಎದ್ದು ನಿಂತು ಮೇಡಮ್ ಎನ್ನುತ್ತಿದ್ದರು, ಆಶ್ರಮಕ್ಕೆ ಬಂದ ದಿನದಿಂದ ಏನಜ್ಜಿ, ಮಾತ್ರೆ ನುಂಗಿದ್ಯಾ, ಏನಜ್ಜಿ, ಚಡ್ಡಿ ಒದ್ದೆ ಮಾಡ್ಕೊಂಡಿಲ್ಲ ತಾನೇ. ಅಜ್ಜಿಯಂತೆ! ಯಾರಿಗೆ ಅಜ್ಜಿ, ಇವನ ಹೆಂಡತಿಗೋ? ಪಕ್ಕದ ಕೋಣೆಯ ಜಾಂಫಿರಾ ಒಬ್ಬಳೇ ಹಳೇ ಪೊಲೀಸ್ ಹುದ್ದೆ ಹಿಡಿದು ಕಮಿಸಾರಮ್ಮ ಎಂದು ಕರೆಯುತ್ತಿದ್ದದ್ದು, ಅದೂ ಚುಡಾಯಿಸಲಿಕ್ಕೆ, ಅಂಕಿಯ ಬಿಲ್ಲೆಗಳ ರಮ್ಮಿ ಆಡುವಾಗ ಒಂದೆರಡು ಬಿಲ್ಲೆ ಮಡಿಲಲ್ಲಿ ಬಚ್ಚಿಟ್ಟುಕೊಂಡು, ಏನ್ರೀ ಕಮಿಸಾರಮ್ಮ, ಎದುರಿಗೇ ಕಳ್ಳತನ ನಡೀತಿದೆ, ಹಿಡೀರಿ ನೋಡೋಣ. ಎಂಥ ಕಳ್ಳಿ. ಅವಳಿಲ್ಲದ ಮೇಜಿನಲ್ಲಿ ಈಗ ಯಾರೂ ಮೋಸ ಮಾಡುವುದಿಲ್ಲ, ಯಾರೂ ನಗುವುದೂ ಇಲ್ಲ.

ಅಂಥವಳಿಗೆ ಮರೆವಂತೆ, ಸಂಜೆ ಗೇಟು ದಾಟಿ ಹೊರಟೇ ಹೋದಳಂತೆ, ಮೊಣಕಾಲು ಮಡಿಸಲಾಗದವಳು, ವೆತುರಿಯಾಳ ತೋಳಿಲ್ಲದೆ ಮೂರು ಮೆಟ್ಟಿಲು ಇಳಿಯಲಾಗದವಳು, ತಲೆವಸ್ತ್ರವಿಲ್ಲದೆ ಬಾಗಿಲಿಗೂ ಬಾರದವಳು — ತಲೆವಸ್ತ್ರ ಕುರ್ಚಿಯ ಬೆನ್ನಿಗೇ ಇತ್ತು, ತೋರಿಸಿದ್ದಳು, ಈ ಪೊಲೀಸ್ ಹುಡುಗ ಲಿವಿಯುಗೆ ಕೈಯಲ್ಲಿ ಹಿಡಿದು ತೋರಿಸಿದ್ದಳು, ಅವನು ಹಲ್ಲು ಕಿರಿದು, ಅಜ್ಜಿ, ಮರೆವು ಬಂದೋರಿಗೆ ಬಟ್ಟೆ ನೆನಪಿರತ್ತಾ ಎಂದ. ಕಪಾಳಕ್ಕೆ ಕೊಡಬೇಕಿತ್ತು. ಅವತ್ತು ಮಧ್ಯಾಹ್ನ ಗೋಡೆಯಾಚೆಯಿಂದ ಜಾಂಫಿರಾಳ ದನಿ ಕೇಳಿತ್ತು, ವೆತುರಿಯಾ, ಕೈ ಬಿಚ್ಚಿಸೇ, ಉಸಿರು ಕಟ್ತಿದೆ ಕಣೇ, ಊಟದ ನಂತರ ಮಲಗುವ ಹೊತ್ತಿಗೆ ಅವಳಂಥವರನ್ನು ಹಾಸಿಗೆಗೆ ಕಟ್ಟಿಬಿಡುತ್ತಿದ್ದರು, ಹರಿದ ಹೊದಿಕೆಯ ಪಟ್ಟಿಗಳಿಂದ, ಬಿದ್ದುಗಿದ್ದೀರಿ ಎಂಬ ಪ್ರೀತಿಯ ಮಾತಿನೊಂದಿಗೆ, ಎಲ್ಲರ ಬಾಗಿಲಿಗೂ ಹೊರಗಿನಿಂದ ಚಿಲಕ, ವೆತುರಿಯಾ ಬಾಗಿಲು ಗುದ್ದಿದಳು, ಮುಷ್ಟಿ ಊದುವವರೆಗೆ ಗುದ್ದಿದಳು, ಹ್ರಿಸ್ತಾಕೆ ಆಚೆಯಿಂದ ಗದರಿದ, ಸುಮ್ನಿರಜ್ಜಿ, ಅವಳು ನಿದ್ದೆ ಮಾಡ್ತಿದಾಳೆ, ಆಮೇಲೆ ನಿಜವಾಗಿಯೂ ಸದ್ದಿಲ್ಲ. ಸಂಜೆಗೆ ಹೋದಳು, ಕಾಣೆ, ಹುಡುಕಿ. ವಾರದ ಕೊನೆಗೆ ಜಿಲ್ಲೆಯಿಂದ ತಪಾಸಣೆಯವರು ಬರುವುದಿತ್ತು, ಮಣಿಕಟ್ಟಿನಲ್ಲಿ ಪಟ್ಟಿಯ ಗುರುತಿರುವ ಹೆಣ ಸಿಕ್ಕಿದರೆ ಆಶ್ರಮಕ್ಕೆ ಬೀಗ, ಕಾಣೆಯಾದ ಮುದುಕಿಯಾದರೆ ಅನುಕಂಪ, ಮೇಣದಬತ್ತಿ, ಪ್ರಾರ್ಥನೆಗೆಂದು ನಮ್ಮನ್ನೆಲ್ಲ ತುಂಬಿಕೊಂಡು ಬಂದ ಈ ಬಿಳಿ ವ್ಯಾನು.

ಸತ್ತಿದ್ದಾಳೆ, ಅವನ ಕೈ ಹೇಳಿತು. ಎಲ್ಲಿ? ಲಿವಿಯು ಬೆಳಿಗ್ಗೆ ಹೇಳಿಹೋಗಿದ್ದ, ಕೆರೆ, ರೈಲುಹಳಿಯ ಪೊದೆ, ಟ್ರಾಮಿನ ಕೊನೇ ನಿಲ್ದಾಣ, ಎಲ್ಲ ನೋಡಾಯ್ತಜ್ಜಿ, ಇವತ್ತಿಗೆ ನಿಲ್ಲಿಸ್ತೀವಿ. ಇವತ್ತು ನಿಲ್ಲಿಸಿದರೆ ಅವಳು ಯಾವ ಕತ್ತಲಲ್ಲಿದ್ದಾಳೋ ಅಲ್ಲೇ ಉಳಿಯುತ್ತಾಳೆ, ಗೋರಿಯಿಲ್ಲ, ಹೆಸರಿಲ್ಲ, ಹೊರಗೆ ಹುಡುಕಿದರು ಮೂರ್ಖರು, ಗೇಟಿನ ಹೊರಗೆ, ಹೊರಗೆ ಹೋಗದವಳನ್ನು — ಒಳಗೆ, ಒಳಗೆಂದರೆ ಕೋಣೆಗಳೆಲ್ಲ ತೆರೆದೇ ಇವೆ, ಅಡುಗೆಮನೆಯೂ — ಕೋಸು! ಥೂ, ಕೋಸು, ಅವತ್ತಿನಿಂದ ಊಟದ ತಟ್ಟೆಗೆ ಪೀಪಾಯಿಯ ಉಪ್ಪುನೀರಲ್ಲಿ ಹುಳಿ ಬರಿಸಿದ ಕೋಸು ಬಂದಿಲ್ಲ, ನವೆಂಬರಿನಲ್ಲಿ ಹುಳಿಕೋಸಿಲ್ಲದ ಊಟ, ಜಾಂಫಿರಾ ಇದ್ದಿದ್ದರೆ ಅಡುಗೆಯ ಸ್ಟಾಂಕಾಳ ಗ್ರಹಚಾರ ಬಿಡಿಸುತ್ತಿದ್ದಳು, ಕೋಸಿನ ನೀರನ್ನೇ ಲೋಟದಲ್ಲಿ ಕುಡಿಯುತ್ತಿದ್ದವಳು, ವೆತುರಿಯಾ ಬರೀ ಸಿಡುಕಿದ್ದಳು, ಎಲ್ಲೇ ಕೋಸು, ಸ್ಟಾಂಕಾ ಅಂದಿದ್ದಳು, ಪೀಪಾಯಿಲಿದ್ದದ್ದು ಕೆಟ್ಟೋಯ್ತಂತಮ್ಮ, ಯಜಮಾನ್ರು ನೆಲಮಾಳಿಗೆಗೆ ಹೋಗ್ಬೇಡಿ ಅಂದಿದಾರೆ. ಈ ಚಳಿಯಲ್ಲಿ ಕೋಸು ಕೆಡುತ್ತದೆಯೇ, ತಂಪಿಗೆಂದೇ ಕಲ್ಲಿನಲ್ಲಿ ಕಟ್ಟಿಸಿದ ನೆಲಮಾಳಿಗೆಯಲ್ಲಿ? ಕೆಳಗೆ. ಅವನಿಗೆ ಅವಳು ಕೆಳಗೇ ಇರುವವಳು, ಬೇಡವೆಂದರೂ ಕೈ ಕೆಳಗೆ ಹೋಗದೆ ಇನ್ನೆಲ್ಲಿಗೆ ಹೋದೀತು. ನಾಯಿ. ಅವಳ ಮೇಲೆ ಮಲಗಿ ನಾವು ನಿದ್ದೆ ಮಾಡಿದೆವಲ್ಲ, ಇಷ್ಟು ದಿನ, ನೆಲದ ಒಂದೇ ಹಲಗೆಯ ಮೇಲೆ ನಾವು, ಕೆಳಗೆ ಅವಳು.

ಹುಡುಗಾ, ಬಾ ಇಲ್ಲಿ. ತಾನೂ ಪ್ರಾರ್ಥನೆಗೆ ಬಂದಿದ್ದ ಲಿವಿಯು ಟೋಪಿ ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದ, ಕೈಯಲ್ಲಿ ಅವನದೂ ಒಂದು ಬತ್ತಿ, ಏನಜ್ಜಿ, ಚಳಿಯಾಗ್ತಿದೆಯಾ, ಚಳಿ ನಿನ್ನ ತಲೆಗೆ, ಆ ಬತ್ತಿ ಯಾರ ಹೆಸರಿಂದು, ನಮ್ಮಮ್ಮಂದು, ಬದುಕಿದಾಳಾ, ಹೂಂ, ಗಟ್ಟಿಮುಟ್ಟಾಗಿದಾಳೆ, ಹಾಗಾದ್ರೆ ಕೆಳಗಿನ ತಟ್ಟೇಲಿಡು. ಅವನು ನಕ್ಕ, ಏನ್ ತಮಾಷೆ ಅಜ್ಜಿ, ಇಡು ಅಂದೆ, ಬರೀ ಮರಳು, ಬರೀ ಮೇಣ, ನಿನಗೇನು ಹೋಗೋದು, ಇಡೋ! ಸರದಿಯಲ್ಲಿದ್ದವರೆಲ್ಲ ತಿರುಗಿದರು. ಹುಡುಗನ ಕೈ ಒಂದಿಷ್ಟು ತಗ್ಗಿತು, ಅಲ್ಲೇ ನಿಂತಿತು, ವಾಪಸು ಬಂತು, ಆಗಲ್ಲಜ್ಜಿ. ಆಗಲ್ಲ, ಅಲ್ವಾ? ಆ ಹ್ರಿಸ್ತಾಕೆಗಾಯ್ತು ನೋಡು. ಜಾಂಫಿರಾ ಮನೆಗೆ ಬರ್ಲಿ ಅಂತ ಬಾಯಲ್ಲಿ ಅಂದು ಅಲ್ಲಿ ನೆಟ್ಟ, ಅಗೋ ತೂತು, ಆಮೇಲೆ ಕಿತ್ತು ಮೇಲಿಟ್ಟ. ಹ್ರಿಸ್ತಾಕೆ ನಗುತ್ತ ಬಂದ, ಭುಜದ ಮೇಲೆ ಕೈ ಹಾಕಿದ, ಪಾಪ, ಗೆಳತಿ ಚಿಂತೇಲಿ ಬುದ್ಧಿ ಕೆಟ್ಟಿದೆ, ನಡಿ ಅಜ್ಜಿ, ಮಾತ್ರೆ ಹೊತ್ತಾಯ್ತು — ಆ ಮಾತಿನ ಹಿಂದೆ ಪಟ್ಟಿಗಳಿವೆ, ಗೊತ್ತು, ಇವತ್ತು ಮಧ್ಯಾಹ್ನ ಯಾರ ಕೈಗೆ ಬೀಳುತ್ತವೆಂದೂ ಗೊತ್ತು, ಕಟ್ಟಲಿ — ಕೈ ತೆಗಿ, ನಿನ್ನ ಕೈ ಮಾತಾಡಿದ್ದು ಸಾಕು. ಸ್ಟಾಂಕಾ, ನೆಲಮಾಳಿಗೆ ಕೀಲಿ ಯಾರ ಹತ್ರ ಇದೆಯೇ? ಸ್ಟಾಂಕಾ ಏಪ್ರನ್ ಹಿಂಡಿಕೊಂಡು ನಿಂತಿದ್ದಳು, ಯಜಮಾನನ ಮುಖ ನೋಡಿದಳು, ನೆಲ ನೋಡಿದಳು, ಯಜಮಾನ್ರೇ ಇಸ್ಕೊಂಡ್ರು, ಜಾಂಫಿರಮ್ಮ ಕಾಣೆಯಾದ ದಿನಾನೇ... ಮತ್ತೆ, ನಾನೂ ನೋಡ್ದೆ ಮೇಡಮ್, ಬತ್ತಿ ಮೊದ್ಲು ಕೆಳಗೇ ಇಟ್ರು.

ಲಿವಿಯು ತೂತು ನೋಡಿದ, ಹ್ರಿಸ್ತಾಕೆಯ ಮುಖ ನೋಡಿದ, ಟೋಪಿ ತಲೆಗಿಟ್ಟುಕೊಂಡ. ಕೀಲಿ ಕೊಡಿ. ಹ್ರಿಸ್ತಾಕೆಯ ಕೈ ಕೋಟಿನ ಜೇಬಿನ ಮೇಲೆ ಬಿಗಿಯಾಯಿತು, ಒಳಗೆ ಕೀಲಿಗೊಂಚಲು ಸದ್ದು ಮಾಡಿತು, ನೀವು ವ್ಯಾನಲ್ಲಿ ಕೂತಿರಿ, ಕಮಿಸಾರ್ ಮೇಡಮ್, ನಾನು ಹೋಗಿ ನೋಡ್ತೀನಿ ಎಂದ ಹುಡುಗ, ಬಹುವಚನ ಬಂತು, ಮೇಡಮ್ ಬಂತು, ಬಂದು ಏನು ಮಾಡಲಿ, ಇಷ್ಟು ಹೊತ್ತು ಎದೆಯೊಳಗೆ ಉರಿಯುತ್ತಿದ್ದ ಸಿಟ್ಟು ಕೈಕೊಟ್ಟು ಎಲ್ಲಿ ಹೋಯಿತು, ಬೇಕಿತ್ತು, ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು, ಸಿಟ್ಟಿರುವವರೆಗೆ ಅವಳು ಎಲ್ಲೋ ಇದ್ದಳು — ಗೆದ್ದಿರಲ್ರೀ ಕಮಿಸಾರಮ್ಮ, ಹಿಡಿದ್ರಲ್ಲ ಕಳ್ಳನ್ನ, ಯಾರು ಅಂದದ್ದು, ಯಾರೂ ಅನ್ನಲಿಲ್ಲ — ಕೈಯಲ್ಲಿ ಬತ್ತಿ ಅರ್ಧ ಕರಗಿದೆ, ಮೇಲಿನ ತಟ್ಟೆಗೆಂದು ಹಚ್ಚಿಕೊಂಡದ್ದು, ಅವಳು ಕಾಣೆಯಾದಾಗಿನಿಂದ ಮೇಲೆಯೇ ಇಟ್ಟದ್ದು, ಹಠ ಹಿಡಿದು ಮೇಲೆಯೇ, ಸಾಲಿನಲ್ಲಿ ಹಿಂದಿದ್ದವಳು ತಳ್ಳಿದಳು, ಇಡಿ ತಾಯಿ, ಮೇಣ ಕೈಗಿಳೀತಿದೆ, ಇಡುತ್ತೇನೆ, ಇರು, ಮೇಲೆ ಇಟ್ಟರೆ ಈಗ ಸುಳ್ಳು, ಅವನು ಇಟ್ಟಂಥದೇ ಸುಳ್ಳು, ಕೆಳಗಿಟ್ಟರೆ, ಅವಳನ್ನು ಮಣ್ಣು ಮಾಡುವವಳು ತಾನು, ಅವನು ಕಿತ್ತುಕೊಂಡ ಜಾಗದಲ್ಲಿ ತನ್ನ ಕೈಯಾರೆ, ಕೈ ತಗ್ಗಿತು, ನಿಂತಿತು, ಆ ಹುಡುಗನ ಕೈ ನಿಂತಲ್ಲೇ ನಿಂತಿತು, ಅಮ್ಮಾ, ಆಗಲ್ಲಮ್ಮಾ, ಕೆಳಗೆ ಒದ್ದೆ ಮರಳು, ಮರಳಿನಲ್ಲಿ ತೂತು, ಸಣ್ಣದು, ದುಂಡನೆಯದು, ಬತ್ತಿಯಷ್ಟೇ ಅಗಲದ್ದು.